ನಳದ ಪಾಳಿ, ಓಟಿನ ಪಾಳಿ

ದೊಡ್ಡವ್ವ ಹೋದಳು ಎಂಬ ಫೋನು ಬಂದಾಗ ನಾನು ಸಂಪಿನ ಮುಚ್ಚಳ ಸರಿಸಿ ನೀರು ಎಷ್ಟಿದೆ ಎಂದು ಬಗ್ಗಿ ನೋಡುತ್ತಿದ್ದೆ. ನಮಗೀಗ ಬೋರಿದೆ, ಸಂಪಿದೆ, ತಲೆಯ ಮೇಲೆ ಟ್ಯಾಂಕಿದೆ. ಆದರೂ ದಿನಕ್ಕೊಮ್ಮೆ ಬಗ್ಗಿ ನೋಡದಿದ್ದರೆ ನನಗೆ ಊಟ ಇಳಿಯುವುದಿಲ್ಲ. ಗಂಡ ನಗುತ್ತಾರೆ. ನಗಲಿ. ನಳದ ಪಾಳಿಯಲ್ಲಿ ವರ್ಷಗಟ್ಟಲೆ ನಿಂತವಳ ಚಟ ಅದು, ಸುಲಭಕ್ಕೆ ಬಿಡುವಂಥದ್ದಲ್ಲ.

ದೊಡ್ಡವ್ವ ನನಗೆ ರಕ್ತಸಂಬಂಧಿಯಲ್ಲ. ನಾವು ಬಾಡಿಗೆಗಿದ್ದ ಸಾಲುಮನೆಯ ಹನ್ನೊಂದು ಸಂಸಾರಕ್ಕೂ ಆಕೆ ದೊಡ್ಡವ್ವ. ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಯಾಕೆಂದರೆ ಆ ವಾರ್ಡಿನ ಮೆಂಬರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಮದುವೆ ಗೃಹಪ್ರವೇಶಗಳಲ್ಲಿ ಎದುರಾಗಿ ಕೈ ಮುಗಿಯುತ್ತಾರೆ. ಅದೂ ಅಲ್ಲದೆ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನಮ್ಮ ಕಡೆಯ ಯಾವ ಪೇಟೆಯ ಹೆಂಗಸನ್ನು ಕೇಳಿದರೂ ನೀರಿನ ಕಥೆಯನ್ನು ಇದೇ ಧಾಟಿಯಲ್ಲಿ ಹೇಳುತ್ತಾಳೆ. ಊರು ಯಾವುದಾದರೇನು.

ಆಗ ನಾನು ಹೊಸದಾಗಿ ಮದುವೆಯಾಗಿ ಬಂದವಳು, ಖಾಸಗಿ ಶಾಲೆಯೊಂದರಲ್ಲಿ ಟೀಚರು. ಮೊದಲ ನೀರಿನ ದಿನ ಹೊಸ ಸ್ಟೀಲ್ ಬಕೆಟ್ ಹಿಡಿದು ನಳದ ಹತ್ತಿರ ಹೋದೆ. ಅಲ್ಲಿ ಜನವೇ ಇರಲಿಲ್ಲ. ಬರೀ ಕೊಡಗಳು, ಹಸಿರು, ನೀಲಿ, ಕೆಂಪು, ಒಂದರ ಹಿಂದೊಂದು. ಯಾರೂ ಇಲ್ಲವಲ್ಲ ಎಂದು ಸೀದಾ ನಳದ ಕೆಳಗೆ ಬಕೆಟ್ ಇಟ್ಟೆ. ಎಲ್ಲಿತ್ತೋ ಏನೋ, ಹಿಟ್ಟು ಮೆತ್ತಿದ ಕೈಯೊಂದು ಬಂದು ಬಕೆಟ್ಟನ್ನು ಎತ್ತಿ ಕೊಡಗಳ ಕೊನೆಗೆ ಒಯ್ದಿಟ್ಟಿತು.

"ಅಕ್ಕೋರ, ಸಾಲಿ ಕಲಿಸ್ತೀರಂತ. ಪಾಳಿ ಅಂದ್ರೇನು ಗೊತ್ತಿಲ್ಲೇನು?"

"ಯಾರೂ ಇರಲಿಲ್ಲವಲ್ಲ..."

"ಯಾರೂ ಇಲ್ಲಂತ ಹೆಂಗಂತೀರಿ? ಇಷ್ಟು ಮಂದಿ ನಿಂತೀವಲ್ಲ. ಕೊಡ ನಿಂತ್ರ ಮನಿ ನಿಂತಂಗ."

ಅದು ನಮ್ಮ ಸಾಲುಮನೆಯ ಕಾನೂನು, ಹೇಳಿದವಳು ದೊಡ್ಡವ್ವ. ಎಂಟು ದಿನಕ್ಕೊಮ್ಮೆ ನೀರು. ಯಾವ ಹೊತ್ತಿಗೆ ಬರುತ್ತದೆ ಎಂದು ಬಿಡುವವನಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದು ಹೇಳುತ್ತಿರಲಿಲ್ಲವೋ. ಬಂದರೆ ಒಂದೂವರೆ ತಾಸು. ಇಡೀ ದಿನ ನಿಲ್ಲಲು ಯಾರಿಂದಾದೀತು? ಅದಕ್ಕೇ ಕೊಡ ನಿಲ್ಲಿಸಿ ಒಳಗೆ ಕೆಲಸ ಮಾಡುತ್ತಾ, ಕಿವಿಯನ್ನು ನಳದ ಕಡೆ ಇಟ್ಟಿರುವುದು. ಯಾರ ಕೊಡವನ್ನೂ ಯಾರೂ ಸರಿಸುವಂತಿಲ್ಲ. ಕೊಡವೊಂದು ಅರ್ಧ ಗೇಣು ಹಿಂದೆ ಹೋದರೂ ದೊಡ್ಡವ್ವನಿಗೆ ತಿಳಿಯುತ್ತಿತ್ತು. ಆಮೇಲೆ ಆ ಓಣಿಯಲ್ಲಿ ಯಾರಿಗೂ ಮಧ್ಯಾಹ್ನದ ನಿದ್ದೆಯಿಲ್ಲ.

ಆಕೆ ಹಂಪಸಾಗರದ ಕಡೆಯ ಕುರಿ ಕಾಯುವವರ ಮನೆಯ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಪೇಟೆಗೆ ಬಂದು ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದಳು. ಎತ್ತರದ ಆಳು, ಗಂಡಸಿನ ದನಿ. ಕುರಿ ಹಿಂಡನ್ನು ಕೂಗಿ ಕೂಗಿ ಬಂದ ದನಿ ಎಂದು ತಾನೇ ಹೇಳಿಕೊಳ್ಳುತ್ತಿದ್ದಳು. ಮಾತಾಡುವಾಗ ಎದುರಿನವರ ಭುಜಕ್ಕೆ ಒಂದು ಪೆಟ್ಟು ಕೊಡುವ ಅಭ್ಯಾಸ. ಆಕೆಯೊಂದಿಗೆ ಹತ್ತು ನಿಮಿಷ ಹರಟಿದರೆ ನನ್ನ ಸೀರೆಯ ಭುಜ ಬೆಳ್ಳಗಾಗುತ್ತಿತ್ತು. ಜಗಳಗಂಟಿ ಎಂದು ಪಕ್ಕದ ಓಣಿಯವರು ಅನ್ನುತ್ತಿದ್ದರು, ಸುಳ್ಳಲ್ಲ. ಆದರೆ ಬಾಣಂತಿ ಮನೆಯ ಕೊಡ ಬಂದರೆ ತನ್ನದನ್ನು ಹಿಂದೆ ಸರಿಸಿ, "ಬಾಣಂತಿ ಕೊಡಕ್ಕ ಪಾಳಿ ಇಲ್ಲ, ಹಿಡೀರಿ" ಎನ್ನುತ್ತಿದ್ದವಳೂ ಆಕೆಯೇ.

ಒಮ್ಮೆ ಈ ಜಗಳಗಂಟಿತನದಿಂದ ಸಾಲುಮನೆಗೆಲ್ಲಾ ಉಪಕಾರವಾಗಿತ್ತಂತೆ. ನಾನು ಬರುವುದಕ್ಕೆ ಮುಂಚಿನ ಮಾತು. ನಮ್ಮ ಮಾಲೀಕರು ಬಾಡಿಗೆ ಮನೆಯವರಿಗೆ ಕರೆಂಟ್ ಬಿಲ್ಲಿನ ಜೆರಾಕ್ಸ್ ಕೂಡ ಕೊಡುತ್ತಿರಲಿಲ್ಲ. ಇವತ್ತು ವಿಳಾಸಕ್ಕೆ ಕಾಗದ ಕೊಟ್ಟರೆ ನಾಳೆ ಮನೆಯೇ ತಮ್ಮದು ಅಂತಾರೆ ಎಂಬ ಭಯ. ಹಾಗಾಗಿ ಹತ್ತು ಹನ್ನೆರಡು ವರ್ಷ ಇದ್ದವರಿಗೂ ಅಲ್ಲಿ ಓಟಿರಲಿಲ್ಲ. ದೊಡ್ಡವ್ವ ಹೆಂಗಸರನ್ನೆಲ್ಲಾ ಕಟ್ಟಿಕೊಂಡು ಹೋಗಿ, ಮಾಲೀಕರ ಅಂಗಡಿಯ ಕಟ್ಟೆಯ ಮೇಲೆ ಗಿರಾಕಿಗಳಿಗೆ ಅಡ್ಡವಾಗಿ ಕುಳಿತುಬಿಟ್ಟಳಂತೆ. ಸಂಜೆಯ ಹೊತ್ತಿಗೆ ಸಹಿ ಬಿತ್ತು. ತಡವಾಗಿ ಬಂದ ನನ್ನ ಹೆಸರು ಮಾತ್ರ ಹಡಗಲಿ ಕಡೆಯ ತವರೂರಿನಲ್ಲೇ ಉಳಿದಿತ್ತು.

ಓಟು ಬಂತು, ಹಾಕುವುದು ಮಾತ್ರ ಆಗಲಿಲ್ಲ. ಮುಂದಿನ ವಾರ್ಡ್ ಎಲೆಕ್ಷನ್ ದಿನವೇ ನೀರು ಬಂತು. ಗಂಡಸರು ಬೆಳಿಗ್ಗೆಯೇ ಓಟು ಒತ್ತಿ ಹಮಾಲಿಗೆ, ಲಾರಿಗೆ ಹೋದರು. ಹೆಂಗಸರು ನಳ ಕಾದರು. ಬೂತಿನಲ್ಲಿ ಎರಡು ತಾಸಿನ ಸಾಲು, ಅಷ್ಟರಲ್ಲಿ ನೀರು ಬಂದು ಹೋದರೆ ಮುಂದಿನ ವಾರದವರೆಗೆ ಏನು ಮಾಡುವುದು? ಒಬ್ಬರೂ ಹೋಗಲಿಲ್ಲ. ಆಮೇಲೆ ಮನೆ ಮನೆಗೂ ನಳ ಬೇಕು ಎಂದು ಮೆಂಬರ ಬಾಗಿಲಿಗೆ ಹೋದಾಗ ಅವರು ಕುರ್ಚಿಯಿಂದ ಏಳದೆ ಹೇಳಿದರಂತೆ: "ನಿಮ್ಮ ಸಾಲಿನ ಹೆಂಗಸ್ರಾಗ ಯಾರವ್ವ ಓಟು ಹಾಕ್ಯಾರ? ಹಾಕದೋರಿಗೆ ಪೈಪು ಎಲ್ಲಿಂದ ತರ್ಲಿ?"

ಈ ಮಾತನ್ನು ದೊಡ್ಡವ್ವ ನನಗೆ ಎಷ್ಟು ಸಲ ಹೇಳಿದ್ದಾಳೋ. ಹೇಳುವಾಗ ಭುಜಕ್ಕೆ ಬೀಳುವ ಪೆಟ್ಟು ಜೋರಾಗಿರುತ್ತಿತ್ತು. "ನಾವು ಸತ್ತೀವಂತ ಮಾಡ್ಯಾನ ಅಕ್ಕೋರ. ಸತ್ತೋರಿಗೆ ನೀರು ಯಾಕ ಅಂತಾನ. ಮುಂದಿನ ಸಲ ಒಬ್ಬಾಕೀನೂ ಬಿಡಂಗಿಲ್ಲ, ಎಲ್ಲಾರ್ನೂ ಹೊಡಕೊಂಡು ಹೋಗ್ತೀನಿ."

ಮುಂದಿನ ಸಲ ಬಂತು. ಬೇಸಿಗೆ. ಓಟಿನ ಹಿಂದಿನ ಸಂಜೆ ನೀರು ಬಿಡುವವನು ಸೈಕಲ್ ಮೇಲೆ ಹೋಗುತ್ತಾ, "ನಾಳೆ ನಿಮ್ಮ ಲೈನು" ಎಂದು ಕೂಗಿ ಹೋದ. ಇನ್ನೂ ಎಂಟು ದಿನ ಆಗಿರಲಿಲ್ಲ. ಹೆಂಗಸರ ಮುಖ ಇಳಿಯಿತು. ಮೂಲೆಮನೆಯಾಕೆ, ನಾಲ್ಕು ಮಕ್ಕಳ ತಾಯಿ, "ಇದು ಬೇಕಂತನ ಮಾಡೋದು" ಎಂದಳು. ದೊಡ್ಡವ್ವ ಹಿಟ್ಟಿನ ಪರಾತ ಕೆಳಗಿಟ್ಟಳು.

"ನೀರಿಗೆ ಕಣ್ಣಿಲ್ಲವ್ವ. ಬಿಡೋರಿಗೆ ಅದಾವ" ಎಂದಳು.

ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಆಕೆ ಮನೆಮನೆಯಿಂದ ತೂತು ಕೊಡಗಳನ್ನು ಕೇಳಿ ಜೋಡಿಸುತ್ತಿದ್ದಳು. ಒಳ್ಳೆಯ ಕೊಡಗಳು ನಳದ ಮುಂದೆ. ತಳ ಒಡೆದವು, ಕಂಠ ಹರಿದವು ಓಣಿಯ ತುದಿಯ ಶಾಲೆಗೆ, ಅಂದರೆ ಬೂತಿಗೆ. ಹೆಂಗಸರ ಪಾಳಿಯ ಕೊನೆಗೆ ಮನೆಗೊಂದರಂತೆ ಕೊಡ ನಿಲ್ಲಿಸಿ ಬಂದಳು. ನನಗೆ ನಗು ತಡೆಯಲಾಗಲಿಲ್ಲ.

"ದೊಡ್ಡವ್ವ, ಅಲ್ಲಿ ಕೊಡ ನಡೆಯೋದಿಲ್ಲ."

"ಯಾಕ ನಡಿಯಂಗಿಲ್ಲ? ರೇಷನ್ನಿಗೆ ಚೀಲ ನಡೀತೈತಿ, ದವಾಖಾನಿಗೆ ಚಪ್ಪಲಿ ನಡೀತೈತಿ. ಓಟಿಗೇನು ಬಂದೈತಿ ದೊಡ್ಡ ರೋಗ?"

ಸೋಜಿಗವೆಂದರೆ ಮಧ್ಯಾಹ್ನದವರೆಗೂ ನಡೆಯಿತು! ಬೆಳಿಗ್ಗೆ ಮಷಿನ್ನು ಕೆಟ್ಟು ಸಾಲು ಬೆಳೆದಿತ್ತು. ನಿಂತವರೆಲ್ಲಾ ಇಂಥವೇ ಓಣಿಗಳ ಹೆಂಗಸರು, ಅವರಿಗೆ ಕೊಡ ಎಂದರೆ ಏನೆಂದು ಹೇಳಿಕೊಡಬೇಕಿರಲಿಲ್ಲ. ಸಾಲು ಒಂದು ಹೆಜ್ಜೆ ಮುಂದೆ ಹೋದಾಗ ಹಿಂದಿನಾಕೆ ಕಾಲಿನಿಂದ ನಮ್ಮ ಕೊಡಗಳನ್ನೂ ಮೆಲ್ಲಗೆ ಮುಂದೆ ತಳ್ಳುತ್ತಿದ್ದಳು. ದೊಡ್ಡವ್ವ ನಳಕ್ಕೂ ಶಾಲೆಗೂ ಓಡಾಡುತ್ತಾ, "ಬಾವಿಕಟ್ಟಿ ದಾಟ್ಯಾವ... ಗಂಟಿಕಂಬದ ಹತ್ರ ಬಂದಾವ..." ಎಂದು ಸುದ್ದಿ ಹೇಳುತ್ತಿದ್ದಳು. ನಳ ಒಣಗಿಯೇ ಇತ್ತು.

ಮೂರೂವರೆ ಹೊತ್ತಿಗೆ ಓಡುತ್ತಾ ಬಂದಳು. "ಬಾಗಿಲಿಗೆ ಬಂದಾವ! ನಡೀರಿ, ಎಲ್ಲಾರೂ ನಡೀರಿ!"

ಆಕೆಯ ಮಾತು ಮುಗಿಯಲಿಲ್ಲ, ನಳ ಉಸಿರು ಬಿಟ್ಟಿತು. ನಳದ ಪಾಳಿಯಲ್ಲಿ ನಿಂತವರಿಗೆ ಆ ಸದ್ದು ಗೊತ್ತು: ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ. ಹೊರಟು ನಿಂತಿದ್ದ ಹೆಂಗಸರೆಲ್ಲಾ ತಿರುಗಿದರು. ಒಬ್ಬಳೂ ಶಾಲೆಯ ಕಡೆ ಹೆಜ್ಜೆ ಇಡಲಿಲ್ಲ. ದೊಡ್ಡವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆ ನೋಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬೈಗುಳ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ.

"ತುಂಬಿಕೊಳ್ರಿ. ನಾ ಅಲ್ಲಿ ಪಾಳಿ ಹಿಡದಿರ್ತೀನಿ. ಅಕ್ಕೋರ, ನೀವು ಬರ್ರಿ, ಅಲ್ಲಿ ಬರೇ ಕಾಗದದ ಮಾತು ಆಡ್ತಾರ."

ನಾವು ಶಾಲೆಯ ಗೇಟಿಗೆ ಬಂದಾಗ ಕೊಡಗಳು ಪಾಳಿಯಲ್ಲಿರಲಿಲ್ಲ. ಕಾಂಪೌಂಡಿನ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಮೇಲಿನ ಸಾಹೇಬರ ಜೀಪು ಬರುತ್ತದೆ ಎಂದು ಹೊಸದಾಗಿ ಡ್ಯೂಟಿಗೆ ಬಂದ ಪೊಲೀಸಪ್ಪ ಒದ್ದು ತೆಗೆಸಿದ್ದ. ಸಾಲಿನ ಹೆಂಗಸರು ಬೇಡವೆಂದರೂ ಕೇಳಿರಲಿಲ್ಲ. ಪಾಳಿಯ ಬಾಲ ಗಂಟೆಕಂಬವನ್ನೂ ಬಾವಿಕಟ್ಟೆಯನ್ನೂ ದಾಟಿ ಗೇಟಿನ ತನಕ ಬೆಳೆದಿತ್ತು. ನಾಲ್ಕು ಗಂಟೆ ಹತ್ತಿರವಾಗಿತ್ತು, ಐದಕ್ಕೆ ಓಟು ಮುಗಿಯುತ್ತದೆ.

"ಯಾರದಪ್ಪ ಇದು ಕೆಲಸ?" ಎಂದ ದೊಡ್ಡವ್ವನ ದನಿಗೆ ಇಡೀ ಶಾಲೆ ಹೊರಳಿ ನೋಡಿತು.

"ಕೊಡಕ್ಕೇನು ಓಟೈತೇನಬೇ?" ಎಂದ ಪೊಲೀಸಪ್ಪ.

"ಕೊಡದ ಹಿಂದ ಮನಿ ಐತಿ. ಮುಂಜಾನಿಂದ ನಿಂತಾವ ಅವು, ಕೇಳು ಇವರ್ನ."

ಗದ್ದಲ ಕೇಳಿ ಒಳಗಿನಿಂದ ಬೂತಿನ ಅಧಿಕಾರಿ ಬಂದರು. ದಾವಣಗೆರೆ ಕಡೆಯ ಮಾತು, ಬೆವರಿಗೆ ಒದ್ದೆಯಾದ ಅಂಗಿ, ಬೆಳಿಗ್ಗೆಯಿಂದ ಕೆಟ್ಟ ಮಷಿನ್ನಿನ ಜೊತೆ ಹೆಣಗಿ ಸೋತ ಮುಖ. "ನೋಡಮ್ಮ, ವಸ್ತು ಇಟ್ಟು ಜಾಗ ಹಿಡಿಯೋದು ರೂಲ್ಸಿನಲ್ಲಿಲ್ಲ. ಮನುಷ್ಯರೇ ನಿಂತಿರಬೇಕು."

ದೊಡ್ಡವ್ವ ರಾಶಿ ಬಿದ್ದ ಕೊಡಗಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಕೆ ಮಾತಿಗೆ ತಡವರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಐದು ಗಂಟೆಗೆ ಸಾಲಿನಲ್ಲಿ ಇರುವವರ ಗತಿಯೇನು ಎಂದು ನಾನೇ ಕೇಳಿದೆ. ಐದರ ಒಳಗೆ ಗೇಟಿನೊಳಗೆ ಬಂದು ನಿಂತವರಿಗೆಲ್ಲಾ ಚೀಟಿ ಕೊಡುತ್ತೇವೆ, ಅವರ ಓಟು ಮುಗಿಯುವವರೆಗೆ ರಾತ್ರಿಯಾದರೂ ಮಷಿನ್ ನಿಲ್ಲಿಸುವುದಿಲ್ಲ, ಐದಾದ ಮೇಲೆ ಬಂದವರಿಗೆ ಮಾತ್ರ ಆಗುವುದಿಲ್ಲ ಎಂದರು.

ದೊಡ್ಡವ್ವ ಅವರ ಮುಖವನ್ನೇ ನೋಡಿದಳು. "ಅಂದ್ರ ಐದಕ್ಕ ಒಳಗ ನಿಂತಿದ್ರ ಸಾಕೇನ್ರಿ? ಆಮ್ಯಾಲೆ ತಡ ಆದ್ರೂ ನಡೀತೈತಿ?"

"ಸಾಕಮ್ಮ. ಆದರೆ ಮನುಷ್ಯರೇ ನಿಂತಿರಬೇಕು."

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಟ ಕಿತ್ತಳು. ನಾನು ಏದುಸಿರು ಬಿಡುತ್ತಾ ಹಿಂದೆ.

ನಳದ ಹತ್ತಿರ ಆಗಲೇ ತಿಳಿನೀರು ಬರುತ್ತಿತ್ತು. ದೊಡ್ಡವ್ವ ನಳಕ್ಕೆ ಬೆನ್ನು ಹಚ್ಚಿ ನಿಂತಳು. "ಕೇಳ್ರಿಲ್ಲೆ. ಈಗ ಮನಿಗೆ ಎರಡ ಕೊಡ, ಕುಡಿಯಾಕ. ಅಷ್ಟು ಆದ ಕೂಡ್ಲೆ ಎಲ್ಲಾರೂ ನನ್ನ ಹಿಂದ ಬರಬೇಕು. ಉಳದದ್ದು ಅಕ್ಕೋರು ನಿಂತು ತುಂಬಿಸ್ತಾರ."

"ಒಬ್ಬರೇ ಹೆಂಗ ತುಂಬಿಸ್ತಾರ? ನೀರು ಹೋತಂದ್ರ?" ಎಂದಳು ಮೂಲೆಮನೆಯಾಕೆ. "ನಾಕು ಹುಡುಗ್ರು ನನ್ನ ಮನ್ಯಾಗ. ಬಟ್ಟಿ, ಬಚ್ಚಲ... ಓಟು ಕುಡದು ಬದುಕಾಕ ಬರ್ತೈತೇನು ದೊಡ್ಡವ್ವ?"

ಆ ಪ್ರಶ್ನೆ ತಪ್ಪಲ್ಲ. ದೊಡ್ಡವ್ವ ಆಕೆಯ ಭುಜಕ್ಕೆ ಹೊಡೆಯಲಿಲ್ಲ, ಕೈ ಇಟ್ಟಳು.

"ಬರಂಗಿಲ್ಲವ್ವ. ಆದ್ರ ಎಂಟು ದಿನಕ್ಕೊಮ್ಮಿ ನಾಯಿಗೆ ಹಾಕಿದಂಗ ಹಾಕ್ತಾರಲ್ಲ ಈ ನೀರು, ಇದು ಯಾಕಂತಿ? ಇವರು ನಳ ಬಿಟ್ಟು ಎಲ್ಲಿ ಹೋಗ್ತಾರಂತ ಅವರಿಗೆ ಗೊತ್ತೈತಿ. ಇವತ್ತು ಒಂದಿನ ಬಿಟ್ಟು ತೋರಸ್ಬೇಕು. ನಿನ್ನ ಬಚ್ಚಲದ ನೀರು ಕಮ್ಮಿ ಬಿದ್ರ ನನ್ನ ಮನೀದು ಒಯ್ಯಿ. ನಾ ಎಂಟು ದಿನ ಮೈ ತೊಳಿಯಂಗಿಲ್ಲ, ಏನಾತು."

ಎರಡೆರಡು ಕೊಡ ತುಂಬುವಷ್ಟರಲ್ಲಿ ಐದಕ್ಕೆ ಹತ್ತು ನಿಮಿಷ ಉಳಿದಿತ್ತು. ಮೊದಲು ಹೊರಟವಳು ಮೂಲೆಮನೆಯಾಕೆ, ಕಂಕುಳಲ್ಲಿ ಕೂಸು. ಅವಳ ಹಿಂದೆ ಉಳಿದವರು. ಒದ್ದೆ ಸೀರೆ, ಬರಿಗಾಲು, ಬಿಚ್ಚಿದ ತುರುಬು. ಹರಿಯುವ ನಳವನ್ನು ಬಿಟ್ಟು ಹೆಂಗಸರು ಓಡಿದ್ದನ್ನು ನಾನು ಬದುಕಿನಲ್ಲಿ ಅದೊಂದೇ ಸಲ ನೋಡಿದ್ದು.

ಇನ್ನು ನಾನೊಬ್ಬಳೇ, ಹನ್ನೊಂದು ಮನೆಯ ಖಾಲಿ ಕೊಡಗಳ ಮುಂದೆ. ಐದು ನಿಮಿಷ ಕಳೆದಿರಬೇಕು, ಪಕ್ಕದ ಓಣಿಯ ಹೆಂಗಸರು ಗುಂಪಾಗಿ ಬಂದರು. ಅವರೂ ಬೆಳಿಗ್ಗೆಯಿಂದ ನಳ ಕಾದಿದ್ದರು, ಅವರ ನಳಕ್ಕೆ ಅಂದು ನೀರು ಬಂದಿರಲಿಲ್ಲ.

"ಏನ್ರಿ ಅಕ್ಕೋರ, ನಿಮ್ಮೋರು ಒಬ್ರೂ ಕಾಣವಲ್ರು. ಸರೀರಿ, ನಾವಷ್ಟು ಹಿಡೀತೀವಿ."

"ಕೊಡ ಅದಾವಲ್ಲ. ಕೊಡ ನಿಂತ್ರ ಮನಿ ನಿಂತಂಗ" ಎಂದೆ. ದೊಡ್ಡವ್ವನ ಬಾಯಲ್ಲಿ ಕಾನೂನಾಗಿದ್ದ ಮಾತು ನನ್ನ ಬಾಯಲ್ಲಿ ಬರೀ ಪಾಠ ಒಪ್ಪಿಸಿದ ಹಾಗಿತ್ತು.

ಒಬ್ಬಳು ಮುಂದೆ ಬಂದು ನಮ್ಮ ನೀಲಿ ಕೊಡವನ್ನು ಎತ್ತಿ ಬದಿಗಿಟ್ಟಳು. ನಾನು ನಳವನ್ನು ಎರಡೂ ಕೈಯಿಂದ ಹಿಡಿದೆ. ಅವಳು ನನ್ನ ಮೊಣಕೈ ಎಳೆದಳು, ಬಳೆ ಒಡೆದು ಚುಚ್ಚಿತು. ಭಯ, ಸಿಟ್ಟು, ಅಳು ಮೂರೂ ಒಟ್ಟಿಗೆ ಬಂದವು. "ಅವರು ಓಟಿಗೆ ಹೋಗ್ಯಾರ್ರಿ! ಬರೋಮಟ ನಾ ಬಿಡಂಗಿಲ್ಲ!" ಎಂದು ಚೀರಿದೆ.

ಗುಂಪಿನ ಹಿಂದಿದ್ದ ವಯಸ್ಸಾದಾಕೆ ಕೇಳಿದಳು: "ಓಟಿಗಾ? ನೀರು ಬಿಟ್ಟು? ಎಲ್ಲಾರೂ?"

"ಎಲ್ಲಾರೂ."

ಆಕೆ ಶಾಲೆಯ ದಿಕ್ಕು ನೋಡಿದಳು. ಆಮೇಲೆ ಬದಿಗಿಟ್ಟ ನೀಲಿ ಕೊಡವನ್ನು ತಾನೇ ಎತ್ತಿ ನಳದ ಕೆಳಗೆ ಹಿಡಿದಳು. "ಬಿಡ್ರೇ ಆಕೀನ. ಮೊದಲು ಇವರದ ತುಂಬ್ಲಿ." ಮುಂದೆ ಇಬ್ಬರು ತುಂಬಿಸಿದರು, ಇಬ್ಬರು ಹೊತ್ತು ಬಾಗಿಲಿಗಿಟ್ಟರು. "ಗೇಟು ಹಾಕ್ಯಾರೇನು?" ಎಂದು ಯಾರೋ ಕೇಳಿದರು. ಗಡಿಯಾರ ನೋಡಿದೆ, ಐದು ದಾಟಿತ್ತು. ಅವರೂ ಆ ಸಲ ಓಟು ಹಾಕಿರಲಿಲ್ಲ. ನನಗೆ ಅವರ ಬಗ್ಗೆ ಸಂಕಟವಾಯಿತು.

ನಮ್ಮವರು ಒಳಗೆ ಹೋದರೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ನೀರು ನಿಂತಿತು. ಕತ್ತಲಾಯಿತು. ದೂರದಿಂದ ಆ ಗಂಡುದನಿ ಕೇಳಿದಾಗ ನಾನು ಓಣಿಯ ಬಾಯಿಗೆ ಓಡಿದೆ. ಪೊಲೀಸಪ್ಪ ಗೇಟು ಎಳೆಯುತ್ತಿದ್ದನಂತೆ. ದೊಡ್ಡವ್ವ ಎರಡು ಬಾಗಿಲ ನಡುವೆ ಮೈ ಅಡ್ಡ ಹಾಕಿ, "ಈಗ ಕೊಡ ಅಲ್ಲಪ್ಪ, ನಾವ ಬಂದೀವಿ ನೋಡು. ಒದಿ, ಒದಿತೀಯೇನು" ಎಂದು ಹೆಂಗಸರನ್ನೆಲ್ಲಾ ತನ್ನ ತೋಳಿನ ಕೆಳಗಿನಿಂದ ಒಳಗೆ ನುಗ್ಗಿಸಿದಳಂತೆ. ಎಲ್ಲರದೂ ಆಯಿತು. ಅವತ್ತು ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಒಲೆ ಹೊತ್ತಲಿಲ್ಲ, ಖಾನಾವಳಿಗೆಂದು ಬಡಿದಿದ್ದ ರೊಟ್ಟಿಯನ್ನೇ ಕಟ್ಟೆಯ ಮೇಲೆ ಕೂತು ಹಂಚಿಕೊಂಡು ತಿಂದೆವು.

ಎಲೆಕ್ಷನ್ನಿನಲ್ಲಿ ಗೆದ್ದವರು ಅದೇ ಮೆಂಬರು. ನಗಬೇಡಿ. ಆದರೆ ಮೆರವಣಿಗೆ ನಮ್ಮ ಓಣಿಯ ಬಾಯಿಗೆ ಬಂದಾಗ ಅವರು ಜೀಪು ನಿಲ್ಲಿಸಿ ಇಳಿದರು. "ಈ ಬೂತಿನ್ಯಾಗ ನನಗ ಬಿದ್ದಿಲ್ಲ. ಯಾಕವ್ವ, ನಾ ಏನು ಮಾಡೀನಿ ನಿಮಗ?" ಎಂದು ಹಾರದ ನಡುವಿನಿಂದ ಕೇಳಿದರು. ದನಿಯಲ್ಲಿ ಮೊದಲಿನ ಸೊಕ್ಕಿರಲಿಲ್ಲ.

"ಬಿದ್ದಿಲ್ಲಂತ ಎಣಿಸಿದ್ರ್ಯಲ್ಲ ಮೆಂಬರ, ಅಷ್ಟು ಸಾಕು. ನಾವು ಬದುಕೀವಂತ ಗೊತ್ತಾತು" ಎಂದಳು ದೊಡ್ಡವ್ವ.

ಮುಂದಿನ ಬೇಸಿಗೆಗೆ ಓಣಿ ಅಗೆದು ಪೈಪು ಬಂತು, ಮನೆಗೊಂದು ನಳ ಬಂತು. ದೊಡ್ಡವ್ವ ತನ್ನ ಬಾಗಿಲ ನಳದ ಮುಂದೆ ಕಾಲು ಚಾಚಿ ಕುಳಿತು, ಬರುವ ಹೋಗುವವರಿಗೆಲ್ಲಾ ಕುಡಿಯಲು ಒಂದು ಚೊಂಬು ಕೊಡುತ್ತಿದ್ದಳು. ಬಾಯಾರಿರಲಿ ಬಿಡಲಿ, ಕುಡಿಯಲೇಬೇಕು. ಆ ದಿನಗಳಲ್ಲಿ ಆಕೆಯಷ್ಟು ಸುಖಿಯನ್ನು ನಾನು ಕಂಡಿಲ್ಲ.

ಮಾಲೀಕರು ಸುಮ್ಮನಿರುತ್ತಾರೆಯೇ? ಮನೆಗೆ ನಳ ಬಂದ ಮೇಲೆ ಬಾಡಿಗೆ ಏರಿತು. ಹಮಾಲಿ ಮನೆಗಳು ಹೇಗೋ ತಡೆದುಕೊಂಡವು. ಒಂಟಿ ಹೆಂಗಸು, ರೊಟ್ಟಿಯ ದುಡಿಮೆ, ಮೊದಲು ಮನೆ ಖಾಲಿ ಮಾಡಿದ್ದು ಆಕೆಯೇ. ಹಗರಿಬೊಮ್ಮನಹಳ್ಳಿಯ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿಯುವವರು ಬೇಕಿತ್ತು, ಹೋದಳು. ಅಷ್ಟರಲ್ಲಿ ನನಗೆ ಸರ್ಕಾರಿ ನೌಕರಿಯಾಗಿ ನಾವು ಹರಪನಹಳ್ಳಿಗೆ ಬಂದಿದ್ದೆವು. ಸುದ್ದಿ ಕೇಳಿ ನನಗೆ ಎಷ್ಟು ಸಿಟ್ಟು ಬಂತೆಂದರೆ ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ.

ಈಗ ನಮ್ಮ ಬಡಾವಣೆಯಲ್ಲಿ ಓಟಿನ ದಿನ ಎಂದರೆ ಹೋಳಿಗೆ, ನಿದ್ದೆ. ಕಳೆದ ಸಲ ನಾನು ಹೋದಾಗ ಬೂತಿನಲ್ಲಿ ನನ್ನ ಹಿಂದೆ ಮುಂದೆ ಯಾರೂ ಇರಲಿಲ್ಲ. ಪಕ್ಕದ ಮನೆಯವರನ್ನು ಕರೆದರೆ, "ಹೋಗಿ ಏನಾಗಬೇಕ್ರಿ ಮೇಡಂ" ಎಂದರು. ಟ್ಯಾಂಕು ತುಂಬಿದವರಿಗೆ ಮೆಂಬರ ಹೆಸರೇ ಗೊತ್ತಿಲ್ಲ. ನಳ ಕಾಯುವವರಿಗೆ ಮೆಂಬರ ಮೊಮ್ಮಗನ ಹೆಸರೂ ಗೊತ್ತು, ಆದರೆ ಹೋಗಿ ಗುಂಡಿ ಒತ್ತಲು ಪುರುಸೊತ್ತಿಲ್ಲ. ಪೇಟೆಯವರು ಓಟು ಹಾಕುವುದಿಲ್ಲ ಎಂದು ಬರೆಯುವವರು, ಆ ಪೇಟೆಯವರ ಮನೆಗೆ ನೀರು ಯಾವಾಗ ಬರುತ್ತದೆ ಎಂದು ಮೊದಲು ಕೇಳಬೇಕು.

ದೊಡ್ಡವ್ವನನ್ನು ಕೊನೆಯ ಸಲ ಕಂಡಿದ್ದು ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ. ಒಗೆದ ಸೀರೆ, ಕೈಯಲ್ಲಿ ರೊಟ್ಟಿಗಂಟು. "ಹಳೇ ಊರಿಗೆ, ಓಟಿಗೆ ಹೊಂಟೀನಿ ಅಕ್ಕೋರ" ಎಂದಳು. ಇಲ್ಲಿಯ ಮಾಲೀಕರು ಕಾಗದ ಕೊಡವಲ್ಲರು, ಕಟ್ಟೆ ಮೇಲೆ ಕೂಡಲು ಜೊತೆಗೆ ಯಾರೂ ಇಲ್ಲ, ಹಳೆಯದು ಇದೆಯಲ್ಲ ಎಂದಳು.

"ಆ ನಳ ಈಗ ನಿಂದಲ್ಲವಲ್ಲ ದೊಡ್ಡವ್ವ" ಎಂದೆ.

"ನಳ ನಂದಲ್ಲ. ಓಟು ನಂದು." ಭುಜಕ್ಕೊಂದು ಪೆಟ್ಟು ಕೊಟ್ಟು ಬಸ್ ಹತ್ತಿದಳು.

ಫೋನು ಬಂದ ದಿನವೇ ಹಗರಿಬೊಮ್ಮನಹಳ್ಳಿಗೆ ಹೊರಟು ಹೋದೆ. ಒಂದೇ ಕೋಣೆ, ಹೊರಗೆ ಪೆಂಡಾಲು. ಮನೆಯ ಮಾಲೀಕರು ಹಾರ ತಂದಿದ್ದರು. ನಾನು ಯಾರೆಂದು ಕೇಳಿ ತಿಳಿದುಕೊಂಡು, "ಭಾಳ ಒಳ್ಳೇ ಹೆಣಮಗಳ್ರಿ. ಇಷ್ಟು ವರ್ಷ ಇದ್ದಾಳ, ಒಂದು ದಿನ ತಕರಾರು ಮಾಡ್ಲಿಲ್ಲ. ನೀರಿಲ್ಲಂತ ಸೈತ ಕೇಳ್ಲಿಲ್ಲ" ಎಂದರು.

ಬೇರೆ ಯಾರದೋ ಸಾವಿಗೆ ಬಂದೆನೇನೋ ಎನಿಸಿತು. ಪಕ್ಕದ ಕೋಣೆಯಾಕೆಯನ್ನು ಬದಿಗೆ ಕರೆದು ಕೇಳಿದೆ, "ನಳದ ಹತ್ತಿರ ಜಗಳ ಮಾಡುತ್ತಿರಲಿಲ್ಲವೇ?"

"ಜಗಳಾ? ದೊಡ್ಡವ್ವನಾ?" ಆಕೆ ಕಣ್ಣು ಒರೆಸಿಕೊಂಡು ನನ್ನನ್ನು ವಿಚಿತ್ರವಾಗಿ ನೋಡಿದಳು. "ಮೊದಮೊದಲು ಸ್ವಲ್ಪ ಬಾಯಿ ಮಾಡ್ತಿದ್ಲು ಬಿಡ್ರಿ. ಆಮ್ಯಾಲೆ ಒಂದ್ಸಲ ಓಟಿಗಂತ ಹಳೇ ಊರಿಗೆ ಹೋಗಿದ್ಲು. ನಿನ್ನ ಹೆಸರು ಪಟ್ಟ್ಯಾಗಿಂದ ತಗದಾರವ್ವ, ನೀ ಇಲ್ಲಿ ಇಲ್ಲ ಅಂತ ಕಳಿಸಿದ್ರಂತ. ಅವತ್ತಿಂದ ನೀರು ಬಂದ್ರ ಹೊರಗ ಬರಾಕ ಒಲ್ಲೆ ಅಂತಿದ್ಲು. ನಾವ ಬಾಗಿಲು ಬಡದು ಕರದ್ರ, 'ನೀವು ತುಂಬಿಕೊಳ್ರವ್ವ, ಎಲ್ಯೂ ಇಲ್ಲದಾಕಿ ನಾ, ನನಗ್ಯಾಕ ಪಾಳಿ' ಅಂತಿದ್ಲು."